ಕಾಡಿನ ಜ್ವರ ಕಾಗದಕ್ಕೆ ಬಂದ ಬಗೆ

ಮಲೆನಾಡಿನಲ್ಲಿ ಅಡಿಕೆ ಕೊಯ್ಲು ಮುಗಿಯುತ್ತ ಬಂದಂತೆ ದರಗು ಗುಡಿಸುವ, ಸೊಪ್ಪು ಕಡಿಯುವ, ಸೌದೆ ತರುವ ಕೆಲಸಗಳು ಶುರುವಾಗುತ್ತವೆ. ಮಂಗನ ಕಾಯಿಲೆ ಕಾಣಿಸಿಕೊಳ್ಳುವುದೂ ಇದೇ ದಿನಗಳಲ್ಲಿ. 2024ರಲ್ಲಿ ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಈ ರೋಗ ಮತ್ತೆ ತಲೆಯೆತ್ತಿ ಸಾವನ್ನೂ ತಂದಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಚೀಟಿಯಲ್ಲಿ 'ಮೂರು ದಿನದಿಂದ ಜ್ವರ, ವಿಪರೀತ ತಲೆನೋವು, ಮೈಕೈ ನೋವು' ಎಂದು ಬರೆದದ್ದು ವೈದ್ಯಕೀಯ ಪತ್ರಿಕೆಯ ಪ್ರಬಂಧವಾಗುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಮಲೆನಾಡಿನ ಇತಿಹಾಸದಲ್ಲೇ ಇದೆ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗಳ ಜನರಿಗೆ ಜ್ವರ ಬಂದಿತು. ಭಾರತದಲ್ಲಿ ಎಂದೂ ಕಾಣದ ಹಳದಿ ಜ್ವರ ಇಲ್ಲಿಗೂ ಕಾಲಿಟ್ಟಿತೇ ಎಂಬ ಆತಂಕ ಹುಟ್ಟಿತು. ಏಕೆಂದರೆ ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಆ ಜ್ವರವೂ ಮಂಗಗಳನ್ನು ಕೊಲ್ಲುತ್ತದೆ. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಂಡ ಧಾವಿಸಿ ಬಂತು. ರಾಕ್‌ಫೆಲ್ಲರ್ ಪ್ರತಿಷ್ಠಾನ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ 1952ರಲ್ಲಿ ಸ್ಥಾಪಿಸಿದ್ದ ಈ ಕೇಂದ್ರವೇ ಮುಂದೆ 1978ರಲ್ಲಿ ರಾಷ್ಟ್ರೀಯ ವೈರಾಣು ಸಂಸ್ಥೆಯಾಯಿತು. ರೋಗಿಗಳಲ್ಲೂ ಮಂಗಗಳಲ್ಲೂ ಸಿಕ್ಕಿದ ವೈರಾಣು ಹಳದಿ ಜ್ವರದ್ದಲ್ಲ. ರಷ್ಯಾದ ಚಳಿ ಪ್ರದೇಶದಲ್ಲಿ ಉಣುಗುಗಳಿಂದ ಹರಡುವ ಮೆದುಳುಜ್ವರದ ವೈರಾಣುವಿನ ಬಂಧು ಎಂದು ತಿಳಿದಾಗ ವಿಜ್ಞಾನಿಗಳೇ ಬೆರಗಾದರು.

ಈ ತಂಡ ತನ್ನ ಕೆಲಸವನ್ನು ಪ್ರಕಟಿಸಿದ ಕ್ರಮ ಗಮನಾರ್ಹವಾದುದು. ಟೆಲ್‌ಫೋರ್ಡ್ ವರ್ಕ್ ಮತ್ತು ಹೆರಾಲ್ಡ್ ಟ್ರಾಪಿಡೊ ಮೊದಲು ಬರೆದದ್ದು ಒಂದು ಸಂಕ್ಷಿಪ್ತ ವರದಿ. ಅದು 1957ರಲ್ಲೇ 'ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ಸೈನ್ಸಸ್'ನ ಎರಡು ಪುಟಗಳಲ್ಲಿ ಬಂತು. ರೋಗಲಕ್ಷಣಗಳನ್ನು ವಿವರಿಸುವ ಇಪ್ಪತ್ತೇಳು ಪುಟಗಳ ಪ್ರಬಂಧ ಅದೇ ವರ್ಷ, ಅದೇ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರಲ್ಲಿ ವರ್ಕ್, ಟ್ರಾಪಿಡೊ ಅವರ ಜೊತೆಗೆ ಮೂರ್ತಿ, ರಾವ್, ಭಟ್, ಕುಲಕರ್ಣಿ ಎಂಬ ನಾಲ್ವರು ಭಾರತೀಯರ ಹೆಸರುಗಳೂ ಇದ್ದವು. ತುರ್ತಾಗಿ ತಿಳಿಸಬೇಕಾದುದನ್ನು ಮೊದಲು ತಿಳಿಸುವುದು, ಸಾಕ್ಷ್ಯ ಕೂಡಿಬಂದಂತೆ ವಿಸ್ತರಿಸುವುದು ಅವರು ಹಿಡಿದ ದಾರಿ. ಉಣುಗಿನಿಂದ ವೈರಾಣುವನ್ನು ಬೇರ್ಪಡಿಸಿದ ಪ್ರಬಂಧ 1959ರಲ್ಲಿ ಬಂದಾಗ ಅದು ಸರಣಿಯ ಎಂಟನೆಯದಾಗಿತ್ತು.

ಹೀಗೆ ಸೊರಬದ ಒಂದು ಕಾಡಿನ ಹೆಸರು ಜಗತ್ತಿನ ವೈದ್ಯಗ್ರಂಥಗಳನ್ನು ಸೇರಿತು. ಇಂದಾಗಿದ್ದರೆ ಆ ಹೆಸರಿಗೇ ಆಕ್ಷೇಪ ಬರುತ್ತಿತ್ತು. ಹೊಸ ರೋಗಗಳಿಗೆ ಊರಿನ ಹೆಸರಿಟ್ಟರೆ ಅಲ್ಲಿನ ಜನರಿಗೆ ಕಳಂಕ ತಟ್ಟುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚನೆ ಕೊಟ್ಟಿದೆ.

ವೈದ್ಯಕೀಯ ಪ್ರಬಂಧದ ಹಸ್ತಪ್ರತಿ ಸಿದ್ಧವಾಗುವ ರೀತಿಯೂ ಅಂದಿನಿಂದ ಬಿಗಿಯಾಗಿದೆ. 1978ರಲ್ಲಿ ಕೆನಡಾದ ವ್ಯಾಂಕೂವರ್ ನಗರದಲ್ಲಿ ಸೇರಿದ ಕೆಲವು ಪತ್ರಿಕೆಗಳ ಸಂಪಾದಕರು ಹಸ್ತಪ್ರತಿಗಳಿಗೆ ಸಮಾನ ನಿಯಮಗಳನ್ನು ಗೊತ್ತುಮಾಡಲು ತೊಡಗಿದರು. ಪೀಠಿಕೆ, ವಿಧಾನ, ಫಲಿತಾಂಶ, ಚರ್ಚೆ ಎಂಬ ನಾಲ್ಕು ಭಾಗಗಳ ಕಟ್ಟು ಈಗ ಎಲ್ಲೆಡೆ ರೂಢಿಯಲ್ಲಿದೆ. ಇವುಗಳಲ್ಲಿ ಹೆಚ್ಚು ಬೆವರಿಳಿಸುವುದು 'ವಿಧಾನ'. ಯಾರನ್ನು ರೋಗಿ ಎಂದು ಎಣಿಸಿದಿರಿ? ಜ್ವರ ಬಂದವರೆಲ್ಲರನ್ನೋ, ರಕ್ತಪರೀಕ್ಷೆಯಲ್ಲಿ ವೈರಾಣು ಸಿಕ್ಕವರನ್ನು ಮಾತ್ರವೋ? ಈ ವ್ಯಾಖ್ಯೆ ಸಡಿಲವಾದರೆ ಮುಂದಿನ ಕೋಷ್ಟಕಗಳೆಲ್ಲ ಸಡಿಲ. ಹಸ್ತಪ್ರತಿ ತಲುಪಿದ ಮೇಲೆ ಅದೇ ಕ್ಷೇತ್ರದ ಪರಿಣತರು ಅದನ್ನು ಪರಿಶೀಲಿಸಿ ಎತ್ತುವ ಪ್ರಶ್ನೆಗಳಲ್ಲಿ ಹೆಚ್ಚಿನವು ಇಂಥವೇ.

ಇನ್ನೊಂದು ಕಷ್ಟ ಮಲೆನಾಡಿಗೆ ವಿಶೇಷವಾದುದು. ರೋಗಿಯ ಗುರುತು ಹೊರಗೆ ಬರಬಾರದೆಂಬುದು ನಿಯಮ. ಆದರೆ ತೋಟದ ನಡುವಿನ ಒಂಟಿಮನೆಗಳೇ ಹೆಚ್ಚಿರುವ ಈ ಮೂರು ತಾಲ್ಲೂಕುಗಳಲ್ಲಿ ಹೆಸರು ಅಳಿಸಿದ ಮಾತ್ರಕ್ಕೆ ಗುರುತು ಮರೆಯಾಗುವುದಿಲ್ಲ. ಹಳ್ಳಿಯ ಹೆಸರು, ವಯಸ್ಸು, ಸಾವಿನ ತಿಂಗಳು ಇಷ್ಟು ಅಚ್ಚಾದರೆ ಊರವರಿಗೆ ಮನೆಯೇ ಗೊತ್ತಾಗುತ್ತದೆ. ಆದ್ದರಿಂದ ವಯಸ್ಸನ್ನು ಗುಂಪಾಗಿ, ಸ್ಥಳವನ್ನು ತಾಲ್ಲೂಕಾಗಿ ಬರೆಯಬೇಕಾಗುತ್ತದೆ. ಪ್ರಬಂಧ ಇಂಗ್ಲಿಷಿನಲ್ಲಿದ್ದರೂ ಒಪ್ಪಿಗೆಪತ್ರ ರೋಗಿಗೆ ತಿಳಿಯುವ ಕನ್ನಡದಲ್ಲೇ ಇರಬೇಕು.

ಇಷ್ಟೆಲ್ಲ ಕಟ್ಟುನಿಟ್ಟು ಯಾಕೆ ಎಂಬುದಕ್ಕೆ ಈ ಕಾಯಿಲೆಯ ಲಸಿಕೆಯ ಕಥೆಯೇ ಉತ್ತರ. ರಷ್ಯಾದ ಮೆದುಳುಜ್ವರದ ಲಸಿಕೆಯನ್ನು ಮೊದಲು ಶಿವಮೊಗ್ಗದ ಹಳ್ಳಿಗರಿಗೆ ಕೊಟ್ಟು ನೋಡಲಾಯಿತು. ಅದು ರಕ್ಷಣೆ ನೀಡಲಿಲ್ಲ. ಆ ಪ್ರಯತ್ನದ ವಿವರವೂ 1962ರಲ್ಲಿ ಪ್ರಕಟವಾಯಿತು. ಸೋಲನ್ನೂ ದಾಖಲಿಸಿದ್ದರಿಂದ ಮುಂದಿನವರು ಬೇರೆ ದಾರಿ ಹುಡುಕಿದರು. ಇದೇ ರೋಗದ ವೈರಾಣುವಿನಿಂದ ತಯಾರಾದ ಲಸಿಕೆಯ ಕ್ಷೇತ್ರಪರೀಕ್ಷೆ ಕರ್ನಾಟಕದ ಮೂರು ಜಿಲ್ಲೆಗಳಲ್ಲಿ ನಡೆಯಿತು. ಎರಡು ಡೋಸ್ ಪಡೆದವರಿಗೆ ಶೇಕಡಾ 93.5ರಷ್ಟು ರಕ್ಷಣೆ ಎಂದು 1994ರ ಪ್ರಬಂಧ ಹೇಳಿತು. ಸರ್ಕಾರ ಅದನ್ನೇ ನಂಬಿ ಹಳ್ಳಿ ಹಳ್ಳಿಗಳಲ್ಲಿ ಲಸಿಕೆ ಹಾಕಿಸಿತು. ಆದರೂ ಲಸಿಕೆ ಪಡೆದವರಲ್ಲಿ ಕೆಲವರು ಮಲಗಿದರು.

ಆ ಅನುಮಾನವನ್ನು ಬಗೆಹರಿಸಿದ್ದು ಹಳ್ಳಿಗಳ ದಾಖಲೆಗಳು. 2005ರಿಂದ 2010ರವರೆಗೆ ಕರ್ನಾಟಕದಲ್ಲಿ ಲಸಿಕೆ ಪಡೆದವರು, ಪಡೆಯದವರು, ಕಾಯಿಲೆ ಬಿದ್ದವರು ಎಷ್ಟೆಂದು ಲೆಕ್ಕಹಾಕಿದ ಗುಡದಪ್ಪ ಕಸಬಿ ಮತ್ತು ಸಂಗಡಿಗರ ಪ್ರಬಂಧ 2013ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಎರಡು ಡೋಸ್‌ಗಳ ಪರಿಣಾಮ ಶೇಕಡಾ 62.4 ಮಾತ್ರ; ವರ್ಧಕ ಡೋಸ್ ಸೇರಿದರೆ 82.9. ಅಂದರೆ ಲಸಿಕೆಯಿಲ್ಲದೆ ನೂರು ಮಂದಿ ಮಲಗುವಲ್ಲಿ, ಎರಡು ಡೋಸ್ ಪಡೆದ ಮೇಲೂ ಸುಮಾರು ಮೂವತ್ತೆಂಟು ಮಂದಿ ಮಲಗುತ್ತಿದ್ದರು. ಮುಂದೆ 2022ರಲ್ಲಿ ಆ ಲಸಿಕೆಯ ಬಳಕೆಯೇ ನಿಂತಿತು. ಹೊಸ ಲಸಿಕೆಗಾಗಿ ಕೆಲಸ ಆರಂಭವಾಗಿದೆ. ಆರೋಗ್ಯ ಸಹಾಯಕಿಯೊಬ್ಬರು ರಿಜಿಸ್ಟರಿನಲ್ಲಿ ದಿನಾಂಕವನ್ನು ಸರಿಯಾಗಿ ಬರೆಯದೆ ಹೋಗಿದ್ದರೆ ಈ ಲೆಕ್ಕ ಸಿಗುತ್ತಿರಲಿಲ್ಲ.

ಹಸ್ತಪ್ರತಿ ಎಂದರೆ ಶೃಂಗೇರಿಯ ಜನರಿಗೆ ಮೊದಲು ನೆನಪಾಗುವುದು ಮಠದ ತಾಳೆಗರಿ ಗ್ರಂಥಗಳು. ಗ್ರಂಥ ಮುಗಿಸಿದ ಲಿಪಿಕಾರರು ಕೊನೆಯಲ್ಲಿ ತಪ್ಪಿದ್ದರೆ ಮನ್ನಿಸಿ, ತಿದ್ದಿಕೊಳ್ಳಿ ಎಂದು ಓದುಗರನ್ನು ಬೇಡಿಕೊಳ್ಳುವ ವಾಡಿಕೆಯಿತ್ತು. ವೈದ್ಯಕೀಯ ಪ್ರಬಂಧದ ಕೊನೆಗೂ 'ಈ ಅಧ್ಯಯನದ ಮಿತಿಗಳು' ಎಂಬ ಭಾಗ ಇರುತ್ತದೆ. ಎಷ್ಟು ಜನರ ಮಾದರಿ ಸಿಗಲಿಲ್ಲ, ಯಾವ ಹಳ್ಳಿಗಳನ್ನು ತಲುಪಲಾಗಲಿಲ್ಲ ಎಂಬುದನ್ನು ಬರೆದವರೇ ಅಲ್ಲಿ ಒಪ್ಪಿಕೊಳ್ಳುತ್ತಾರೆ. ಮುಂದೆ ಬರುವ ಸಂಶೋಧಕ ಕೆಲಸ ಶುರುಮಾಡುವುದು ಸಾಮಾನ್ಯವಾಗಿ ಅಲ್ಲಿಂದಲೇ. ಕೊಪ್ಪದ ಆಸ್ಪತ್ರೆಯಲ್ಲಿ ಇಂದು ಬರೆದ ಜ್ವರದ ಚೀಟಿಯೂ ಅವನ ಕೈಗೆ ಸಿಗಬೇಕಾದರೆ, ಅದರಲ್ಲಿ ದಿನಾಂಕ, ಲಕ್ಷಣ, ಲಸಿಕೆಯ ವಿವರ ಸ್ಪಷ್ಟವಾಗಿರಬೇಕು, ಅಷ್ಟೇ.