ಎರಡು ಲ್ಯಾಬ್, ಒಂದೇ ತಪ್ಪು ಉತ್ತರ

1/8
1989ರ ಬೇಸಿಗೆ. ಅಮೆರಿಕದ ಮಿಸ್ಸೌರಿ ರಾಜ್ಯ. ಪೆಟ್ರಿಷಿಯಾ ಸ್ಟಾಲಿಂಗ್ಸ್ ಅನ್ನೋ ತಾಯಿ ತಮ್ಮ ಮೂರು ತಿಂಗಳ ಗಂಡುಮಗುವನ್ನ ಎತ್ಕೊಂಡು ಸೇಂಟ್ ಲೂಯಿಸ್ ನಗರದ ಮಕ್ಕಳ ಆಸ್ಪತ್ರೆಗೆ ಓಡಿದರು. ಮಗುವಿಗೆ ವಾಂತಿ, ಉಸಿರಾಡೋಕೂ ಕಷ್ಟ. ರಕ್ತ ಪರೀಕ್ಷೆ ಮಾಡಿದಾಗ ರಿಪೋರ್ಟ್ ಬಂತು: ಎಥಿಲೀನ್ ಗ್ಲೈಕಾಲ್. ಅಂದ್ರೆ ಕಾರಿನ ರೇಡಿಯೇಟರ್‌ಗೆ ಹಾಕೋ ಕೂಲೆಂಟ್‌ನಲ್ಲಿರೋ ವಿಷ.

ತಾಯಿಯ ಮೇಲೇ ಅನುಮಾನ ಬಂತು. ಮಗುವನ್ನ ಬೇರೆಯವರ ಆರೈಕೆಗೆ ಒಪ್ಪಿಸಿದರು. ಸೆಪ್ಟೆಂಬರ್ ಹೊತ್ತಿಗೆ ತಾಯಿ ನೋಡೋಕೆ ಬಂದು ಹಾಲು ಕುಡಿಸಿ ಹೋದ ಮೇಲೆ ಮಗುವಿಗೆ ಮತ್ತೆ ಹುಷಾರು ತಪ್ಪಿತು. ಈ ಸಲ ಉಳಿಯಲಿಲ್ಲ. ಹಾಲಿನ ಬಾಟಲಿಯಲ್ಲೂ ಅದೇ ವಿಷ ಇದೆ ಅಂತ ರಿಪೋರ್ಟ್. 1991ರ ಜನವರಿಯಲ್ಲಿ ಕೋರ್ಟ್ ಕೊಲೆ ಅಂತ ತೀರ್ಮಾನಿಸಿತು. ಜೀವಾವಧಿ ಶಿಕ್ಷೆ.

ಮುಖ್ಯ ಸಾಕ್ಷಿ ಏನು ಗೊತ್ತಾ? ಎರಡು ಬೇರೆ ಬೇರೆ ಲ್ಯಾಬ್‌ಗಳ ರಿಪೋರ್ಟ್. ಎರಡೂ ಒಂದನ್ನೇ ಹೇಳಿದ್ದವು. ಎರಡೂ ತಪ್ಪಾಗಿದ್ದವು.

ಇದು ಹೇಗಾಯ್ತು ಅಂತ ತಿಳಿಯೋಕೆ ಸ್ವಲ್ಪ ಹಿಂದಕ್ಕೆ, 1903ಕ್ಕೆ ಹೋಗೋಣ.

2/8
ಮಿಖಾಯಿಲ್ ತ್ಸ್ವೆಟ್ ರಷ್ಯಾದ ಸಸ್ಯವಿಜ್ಞಾನಿ, ಕೆಲಸ ವಾರ್ಸಾದಲ್ಲಿ. ಎಲೆಯ ಹಸಿರು ನಿಜಕ್ಕೂ ಒಂದೇ ಬಣ್ಣವಾ ಅನ್ನೋದು ಅವರ ಪ್ರಶ್ನೆ. ಒಂದು ಗಾಜಿನ ಕೊಳವೆಗೆ ಸೀಮೆಸುಣ್ಣದಂಥ ಪುಡಿ ತುಂಬಿದರು, ಮೇಲಿಂದ ಎಲೆಯ ರಸ ಬಿಟ್ಟರು, ಅದರ ಹಿಂದೆ ದ್ರಾವಕ ಹರಿಸಿದರು. ಕೆಳಕ್ಕೆ ಇಳೀತಾ ಇಳೀತಾ ಹಸಿರು ಒಂದು ಪಟ್ಟೆ, ಹಳದಿ ಇನ್ನೊಂದು ಪಟ್ಟೆಯಾಗಿ ಬೇರೆಯಾದವು. 1906ರಲ್ಲಿ ಅವರೇ ಇದಕ್ಕೆ ಕ್ರೊಮ್ಯಾಟೋಗ್ರಫಿ ಅಂತ ಹೆಸರಿಟ್ಟರು. ಗ್ರೀಕ್‌ನಲ್ಲಿ ಬಣ್ಣದ ಬರಹ ಅಂತ ಅರ್ಥ. ಮಜಾ ಅಂದ್ರೆ ರಷ್ಯನ್‌ನಲ್ಲಿ 'ತ್ಸ್ವೆಟ್' ಅಂದ್ರೂ ಬಣ್ಣಾನೇ!

ಇದನ್ನ ಜಾತ್ರೆ ಬೀದಿ ಥರ ಅಂದ್ಕೊಳ್ಳಿ. ಒಂದೇ ಬಸ್ಸಿಂದ ಇಳಿದ ನೂರು ಜನ ಒಟ್ಟಿಗೇ ಬೀದಿಗೆ ಕಾಲಿಡ್ತಾರೆ. ಬಳೆ ಅಂಗಡಿ, ಬೆಂಡು ಬತ್ತಾಸಿನ ಅಂಗಡಿ ಅಂತ ಎಲ್ಲ ಕಡೆ ನಿಲ್ಲೋರು ದೇವಸ್ಥಾನಕ್ಕೆ ತಡವಾಗಿ ಬರ್ತಾರೆ. ಎಲ್ಲೂ ನಿಲ್ಲದೋರು ಬೇಗ ತಲುಪ್ತಾರೆ. ಬೀದಿ ಅಂದ್ರೆ ಕಾಲಮ್. ಅಂಗಡಿಯ ಸೆಳೆತ ಅಂದ್ರೆ ಆ ಪುಡಿಗೂ ವಸ್ತುವಿಗೂ ಇರೋ ಅಂಟು. ಕ್ರೊಮ್ಯಾಟೋಗ್ರಫಿ ಎಷ್ಟೇ ಬೆಳೆದ್ರೂ ಅದರ ಒಳಗುಟ್ಟು ಇಷ್ಟೇ.

3/8
ತ್ಸ್ವೆಟ್ ಬದುಕಿದ್ದಾಗ ಇದಕ್ಕೆ ಹೆಚ್ಚು ಬೆಲೆ ಸಿಗಲಿಲ್ಲ. 1919ರಲ್ಲಿ ತೀರಿಕೊಂಡರು. 1941ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ, ಅದೂ ಉಣ್ಣೆ ಉದ್ಯಮದ ಸಂಶೋಧನಾ ಸಂಸ್ಥೆಯಲ್ಲಿ, ಆರ್ಚರ್ ಮಾರ್ಟಿನ್ ಮತ್ತು ರಿಚರ್ಡ್ ಸಿಂಜ್ ಈ ವಿಧಾನಕ್ಕೆ ಹೊಸ ರೂಪ ಕೊಟ್ಟರು. ದ್ರವದ ಬದಲು ಅನಿಲವನ್ನೂ ಹರಿಸಬಹುದು ಅನ್ನೋ ಮಾತು ಆ ಲೇಖನದಲ್ಲೇ ಇತ್ತು. 1952ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅದೇ ವರ್ಷ ಮಾರ್ಟಿನ್, ಆಂಥೋನಿ ಜೇಮ್ಸ್ ಜೊತೆ ಸೇರಿ ಗ್ಯಾಸ್ ಕ್ರೊಮ್ಯಾಟೋಗ್ರಫಿ, ಅಂದ್ರೆ ಜಿಸಿಯನ್ನ ನಿಜವಾಗಿ ಮಾಡಿ ತೋರಿಸಿದರು.

ಅವರು ಮೊದಲು ಬೇರ್ಪಡಿಸಿದ್ದು ಆವಿಯಾಗೋ ಕೊಬ್ಬಿನ ಆಮ್ಲಗಳನ್ನ. ಆ ಸಾಲಿನಲ್ಲಿ ಪ್ರೊಪಿಯೋನಿಕ್ ಆಮ್ಲ ಅಂತ ಒಂದಿತ್ತು. ಈ ಹೆಸರನ್ನ ನೆನಪಲ್ಲಿಟ್ಕೊಳ್ಳಿ. ಮಗುವಿನ ಕಥೆಗೆ ಇದು ವಾಪಸ್ ಬರುತ್ತೆ.

4/8
ಈಗ ಯಂತ್ರ ಏನು ಹೇಳುತ್ತೆ, ಏನು ಹೇಳಲ್ಲ ಅಂತ ನೋಡಿ.

ಜಿಸಿಯ ಕೊನೆಯಲ್ಲಿ ಒಂದು ಡಿಟೆಕ್ಟರ್ ಇರುತ್ತೆ. ಏನೋ ಬಂತು ಅಂದ ತಕ್ಷಣ ಕಾಗದದ ಮೇಲೆ ಒಂದು ಶಿಖರ ಏಳುತ್ತೆ. ಇದನ್ನ ಪೀಕ್ ಅಂತಾರೆ. ಒಳಗೆ ಹೋದ ಮೇಲೆ ಎಷ್ಟು ನಿಮಿಷಕ್ಕೆ ಬಂತು ಅನ್ನೋದು ರಿಟೆನ್ಷನ್ ಟೈಮ್. ಸಾಧಾರಣ ಡಿಟೆಕ್ಟರ್ ಕೊಡೋ ಗುರುತು ಇದೊಂದೇ. ಅಂದ್ರೆ ದೇವಸ್ಥಾನದ ಬಾಗಿಲಲ್ಲಿ ಕಣ್ಣು ಕಟ್ಕೊಂಡು, ವಾಚ್ ಹಿಡ್ಕೊಂಡು ಕೂತವನ ಹಾಗೆ. "ಐದು ನಿಮಿಷಕ್ಕೆ ಯಾರೋ ಬಂದರು" ಅಂತಾನೆ, ಅಷ್ಟೇ. ದಿನಾ ಐದು ನಿಮಿಷಕ್ಕೆ ರಾಮಣ್ಣ ಬರ್ತಾನೆ ಅಂತ ಇವತ್ತು ಬಂದವನೂ ರಾಮಣ್ಣನೇ ಆಗಬೇಕಾ? ಸೋಮಣ್ಣನೂ ಅಷ್ಟೇ ಹೊತ್ತಿಗೆ ಬರಬಹುದಲ್ಲಾ.

ಎಥಿಲೀನ್ ಗ್ಲೈಕಾಲ್ ಕುದಿಯೋದು 197 ಡಿಗ್ರಿಯಲ್ಲಿ, ಪ್ರೊಪಿಯೋನಿಕ್ ಆಮ್ಲ 141 ಡಿಗ್ರಿಯಲ್ಲಿ. ಆದ್ರೂ ಕಾಲಮ್‌ಗೆ ಅಂಟೋ ಗುಣದ ಮೇಲೆ ಎರಡೂ ಹತ್ತಿರ ಹತ್ತಿರ ಬರಬಹುದು. ಕಾಲಮ್ ಬದಲಿಸಿದ್ರೆ ದೂರ ಆಗಬಹುದು.

5/8
ಜೈಲಿನಲ್ಲಿದ್ದಾಗಲೇ, 1990ರ ಫೆಬ್ರವರಿಯಲ್ಲಿ, ಪೆಟ್ರಿಷಿಯಾಗೆ ಇನ್ನೊಂದು ಗಂಡುಮಗು ಆಯ್ತು. ಆ ಮಗುವನ್ನೂ ಹುಟ್ಟಿದ ಕೂಡಲೇ ಬೇರೆಯವರ ಕೈಗೆ ಕೊಟ್ಟರು. ಸ್ವಲ್ಪ ದಿನದಲ್ಲೇ ಅದಕ್ಕೂ ಅಣ್ಣನಂಥದ್ದೇ ಲಕ್ಷಣ! ಇಲ್ಲಿ ತಾಯಿಯ ಕೈ ತಾಗಿರಲಿಲ್ಲ. ಡಾಕ್ಟರುಗಳು ಹುಡುಕಿದಾಗ ಸಿಕ್ಕಿದ್ದು ಎಂಎಂಎ ಅನ್ನೋ ಅಪರೂಪದ ಹುಟ್ಟು ಕಾಯಿಲೆ, ಪೂರ್ತಿ ಹೆಸರು ಮಿಥೈಲ್‌ಮಲೋನಿಕ್ ಅಸಿಡೀಮಿಯ. ತಿಂದ ಪ್ರೋಟೀನಿನ ಕೆಲವು ಭಾಗಗಳನ್ನ ದೇಹ ಪೂರ್ತಿ ಕರಗಿಸೋಕೆ ಆಗಲ್ಲ. ಆಮ್ಲಗಳು ರಕ್ತದಲ್ಲಿ ತುಂಬಿಕೊಳ್ತವೆ. ಅದರಲ್ಲಿ ಪ್ರೊಪಿಯೋನಿಕ್ ಆಮ್ಲವೂ ಒಂದು.

ಅಪ್ಪ ಅಮ್ಮ ಇಬ್ಬರಲ್ಲೂ ಆ ದೋಷದ ಜೀನ್ ಇದ್ರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಸಾಧ್ಯತೆ. ಹಾಗಾದ್ರೆ ಮೊದಲನೆಯದಕ್ಕೂ ಇದೇ ಆಗಿತ್ತಾ ಅಂತ ಯಾರಿಗಾದ್ರೂ ಅನಿಸುತ್ತೆ. ಆದ್ರೆ ಲ್ಯಾಬ್ ರಿಪೋರ್ಟ್ ಕಾಗದದ ಮೇಲೆ ಗಟ್ಟಿಯಾಗಿ ಕೂತಿತ್ತು. ಜ್ಯೂರಿ ಮುಂದೆ ಆ ಕಾಯಿಲೆಯ ವಾದ ಸರಿಯಾಗಿ ಬರಲೇ ಇಲ್ಲ.

6/8
ಕೇಸಿನ ಬಗ್ಗೆ ಟೀವಿಯಲ್ಲಿ ಒಂದು ಕಾರ್ಯಕ್ರಮ ಬಂತು. ಅದರಿಂದ ವಿಷಯ ತಿಳಿದು ಸೇಂಟ್ ಲೂಯಿಸ್ ಯೂನಿವರ್ಸಿಟಿಯ ಬಯೋಕೆಮಿಸ್ಟ್ರಿ ಮುಖ್ಯಸ್ಥ ವಿಲಿಯಂ ಸ್ಲೈ ಮತ್ತು ಜೇಮ್ಸ್ ಶೂಮೇಕರ್ ಕುತೂಹಲ ತೋರಿಸಿದರು. ಶೂಮೇಕರ್ ಮಗುವಿನ ಉಳಿದಿದ್ದ ರಕ್ತವನ್ನ ತಾವೇ ಪರೀಕ್ಷಿಸಿದರು. ಎಥಿಲೀನ್ ಗ್ಲೈಕಾಲ್ ಇರಲಿಲ್ಲ. ಪ್ರೊಪಿಯೋನಿಕ್ ಆಮ್ಲ ಬೆರೆಸಿದ ಸ್ಯಾಂಪಲ್‌ಗಳನ್ನ ಬೇರೆ ಲ್ಯಾಬ್‌ಗಳಿಗೆ ಕಳಿಸಿ ನೋಡಿದಾಗ, ಕೆಲವು ಲ್ಯಾಬ್‌ಗಳು ಅದನ್ನೂ ಎಥಿಲೀನ್ ಗ್ಲೈಕಾಲ್ ಅಂತಲೇ ಬರೆದು ಕಳಿಸಿದವು!

ಯೇಲ್ ಯೂನಿವರ್ಸಿಟಿಯ ಪಿಯೆರೋ ರಿನಾಲ್ಡೋ ಅದೇ ರಕ್ತದಲ್ಲಿ ಮಿಥೈಲ್‌ಮಲೋನಿಕ್ ಆಮ್ಲ ರಾಶಿ ರಾಶಿ ಇರೋದನ್ನ ಕಂಡರು. ಆಮೇಲೆ ಹಳೇ ರಿಪೋರ್ಟುಗಳನ್ನ ತರಿಸಿದರು. ಅವರು ಹೇಳಿದ ಪ್ರಕಾರ, ಒಂದು ಲ್ಯಾಬ್‌ನ ಗ್ರಾಫ್ ಅವರದೇ ಎಥಿಲೀನ್ ಗ್ಲೈಕಾಲ್ ಮಾದರಿಗೆ ಹೊಂದುತ್ತಿರಲಿಲ್ಲ. ಇನ್ನೊಂದು ಲ್ಯಾಬ್ ಏನೋ ವಿಚಿತ್ರ ಪೀಕ್ ಕಂಡು, ಅದೇ ಇರಬೇಕು ಅಂತ ಊಹಿಸಿಬಿಟ್ಟಿತ್ತು. ಬಾಟಲಿಯ ಪರೀಕ್ಷೆಯಲ್ಲೂ ಅಸಹಜವಾದದ್ದು ಏನೂ ಇರಲಿಲ್ಲ.

ಪ್ರಾಸಿಕ್ಯೂಟರ್ ಜಾರ್ಜ್ ಮೆಕೆಲ್ರಾಯ್ ಲ್ಯಾಬ್ ವರದಿಯನ್ನ ಇನ್ನು ನಂಬೋದಿಲ್ಲ ಅಂತ ಬಹಿರಂಗವಾಗಿ ಹೇಳಿದರು. 1991ರ ಸೆಪ್ಟೆಂಬರ್ 20ರಂದು ಎಲ್ಲ ಆರೋಪ ಕೈಬಿಟ್ಟರು.

7/8
ಹಾಗಾದ್ರೆ ಫೊರೆನ್ಸಿಕ್ ಲ್ಯಾಬ್‌ನಲ್ಲಿ ಯಾವ ವಿಧಾನ ಆರಿಸಬೇಕು? ಮೊದಲು ಹುಡುಕ್ತಿರೋ ವಸ್ತುವಿನ ಸ್ವಭಾವ ನೋಡಬೇಕು.

👉 ಸುಲಭವಾಗಿ ಆವಿಯಾಗುತ್ತಾ? ಜಿಸಿ. ರಕ್ತದಲ್ಲಿ ಆಲ್ಕೋಹಾಲ್, ಕಳ್ಳಬಟ್ಟಿಯಲ್ಲಿ ಮೆಥನಾಲ್, ಬೆಂಕಿ ಬಿದ್ದ ಜಾಗದಲ್ಲಿ ಪೆಟ್ರೋಲ್. ಆಲ್ಕೋಹಾಲ್‌ಗೆ ಎಷ್ಟೋ ಲ್ಯಾಬ್‌ಗಳು ಎರಡು ಬೇರೆ ಗುಣದ ಕಾಲಮ್ ಬಳಸ್ತವೆ. ಒಂದರಲ್ಲಿ ಒಟ್ಟಿಗೆ ಬಂದವರು ಇನ್ನೊಂದರಲ್ಲಿ ಬೇರೆಯಾಗ್ತಾರೆ ಅನ್ನೋ ಲೆಕ್ಕ.
👉 ಆವಿಯಾಗಲ್ಲ, ಬಿಸಿ ಮಾಡಿದ್ರೆ ಒಡೆದು ಹೋಗುತ್ತಾ? ಲಿಕ್ವಿಡ್ ಕ್ರೊಮ್ಯಾಟೋಗ್ರಫಿ. ಎಷ್ಟೋ ಔಷಧಿಗಳು, ಕೆಲವು ಸ್ಫೋಟಕಗಳು.
👉 ನೈಟ್ರೇಟ್, ಕ್ಲೋರೇಟ್‌ನಂಥ ಉಪ್ಪಿನ ಅಯಾನುಗಳಾ? ಅಯಾನ್ ಕ್ರೊಮ್ಯಾಟೋಗ್ರಫಿ.
👉 ಕಮ್ಮಿ ಖರ್ಚಲ್ಲಿ ಮೊದಲ ಜರಡಿ ಹಿಡೀಬೇಕಾ? ತೆಳು ಪದರದ ಟಿಎಲ್‌ಸಿ. ಪೆನ್ನಿನ ಇಂಕು ಹೋಲಿಸೋಕೆ ಇವತ್ತಿಗೂ ಉಪಯೋಗ.

ಇವೆಲ್ಲ ಬೇರ್ಪಡಿಸೋ ಕೆಲಸ. ಬಂದವರು ಯಾರು ಅಂತ ಹೇಳೋಕೆ ಬೇರೆ ಕಣ್ಣು ಬೇಕು. 1950ರ ದಶಕದ ನಡುವೆ ಡೌ ಕಂಪನಿಯಲ್ಲಿ ರೋಲಂಡ್ ಗೋಲ್ಕೆ ಮತ್ತು ಫ್ರೆಡ್ ಮೆಕ್ಲಾಫರ್ಟಿ ಜಿಸಿಗೆ ಮಾಸ್ ಸ್ಪೆಕ್ಟ್ರೋಮೀಟರ್ ಜೋಡಿಸಿದರು. ಅದು ಬಂದ ಅಣುವನ್ನ ಚೂರು ಮಾಡಿ ಚೂರುಗಳನ್ನ ತೂಗುತ್ತೆ. ಎಥಿಲೀನ್ ಗ್ಲೈಕಾಲ್ ಅಣುವಿನ ತೂಕ 62, ಪ್ರೊಪಿಯೋನಿಕ್ ಆಮ್ಲದ್ದು 74. ಬಾಗಿಲಲ್ಲಿ ಕೂತವನ ಕಣ್ಣಿನ ಪಟ್ಟಿ ಬಿಚ್ಚಿದ ಹಾಗೆ.

ಮಾದಕ ವಸ್ತು ಗುರುತಿಸೋಕೆ ನಿಯಮ ಸೂಚಿಸೋ 'ಸ್ವಗ್‌ಡ್ರಗ್' ಅನ್ನೋ ತಜ್ಞರ ಗುಂಪು 1997ರಲ್ಲಿ ಶುರುವಾಯ್ತು. ಅವರ ಪಟ್ಟಿಯಲ್ಲಿ ಮಾಸ್ ಸ್ಪೆಕ್ಟ್ರೋಮೆಟ್ರಿ ಎ ವರ್ಗ, ಬರೀ ಕ್ರೊಮ್ಯಾಟೋಗ್ರಫಿ ಬಿ ವರ್ಗ. ಎ ವರ್ಗದ್ದು ಬಳಸಿದ್ರೂ ಜೊತೆಗೆ ಇನ್ನೊಂದು ವಿಧಾನ ಇರಲೇಬೇಕು.

8/8
ಬಿಕಾಂನವನಿಗೆ ಇದೆಲ್ಲ ಯಾಕೆ ಅಂತೀರಾ? ಟ್ರಯಲ್ ಬ್ಯಾಲೆನ್ಸ್ ನೆನಪು ಮಾಡ್ಕೊಳ್ಳಿ. ಎರಡೂ ಕಡೆ ಟ್ಯಾಲಿ ಆಯ್ತು ಅಂದ್ರೆ ಲೆಕ್ಕ ಸರಿ ಇದೆ ಅಂತ ಅಲ್ಲ, ತಪ್ಪು ಖಾತೆಗೆ ಹೋದ ಎಂಟ್ರಿಯೂ ಟ್ಯಾಲಿ ಆಗುತ್ತೆ. ಮತ್ತೆ ಮತ್ತೆ ಕೂಡಿದ್ರೂ ಅದು ಸಿಗಲ್ಲ. ವೋಚರ್ ತೆಗೆದು ನೋಡಬೇಕು, ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ಹೋಲಿಸಬೇಕು. ಎರಡನೇ ಪರೀಕ್ಷೆ ಅಂದ್ರೆ ಬೇರೆ ದಾರಿಯ ಪರೀಕ್ಷೆ ಆಗಿರಬೇಕು. ಅದೇ ದಾರಿಯಲ್ಲಿ, ಅದೇ ಊಹೆ ಇಟ್ಕೊಂಡು ನಡೆದ ಎರಡನೇ ಲ್ಯಾಬ್ ಎರಡನೇ ಸಾಕ್ಷಿ ಆಗಲ್ಲ.

ಇನ್ನೊಂದು ವಿಷಯ. ಯಾವ ಖಾತೆಗೆ ಸೇರಿದ್ದು ಅಂತ ಗೊತ್ತಾಗದ ಮೊತ್ತವನ್ನ ನಾವು ಸಸ್ಪೆನ್ಸ್ ಅಕೌಂಟ್‌ಗೆ ಹಾಕ್ತೀವಿ. ಅನುಮಾನ ಬಂದವರ ಖಾತೆಗೆ ಖರ್ಚು ಬರೆಯಲ್ಲ. ಆ ವಿಚಿತ್ರ ಪೀಕ್ ಮೇಲೆ "ಇನ್ನೂ ಗೊತ್ತಾಗಿಲ್ಲ" ಅಂತ ಒಂದು ಸಾಲು ಬರೆದಿದ್ರೆ ಸಾಕಿತ್ತು. ಮಗುವಿನ ನಿಜವಾದ ಕಾಯಿಲೆ ಹುಡುಕೋಕೆ ಒಂದು ಅವಕಾಶ ಸಿಗ್ತಿತ್ತು. ಮಗು ಕಳ್ಕೊಂಡ ತಾಯಿ ಕೊಲೆಗಾರ್ತಿ ಅನ್ನಿಸ್ಕೊಂಡು ಜೈಲಲ್ಲಿ ಕೂರಬೇಕಾಗ್ತಿರಲಿಲ್ಲ.

ಮುಂದಿನ ಸಲ ನ್ಯೂಸ್‌ನಲ್ಲಿ "ಲ್ಯಾಬ್ ರಿಪೋರ್ಟ್‌ನಲ್ಲಿ ಸಾಬೀತು" ಅಂತ ಕಂಡ್ರೆ ಒಂದು ಪ್ರಶ್ನೆ ಕೇಳಿ: ಯಾವ ವಿಧಾನದಲ್ಲಿ? ಎರಡನೇ ಸಲ ನೋಡಿದ್ದು ಬೇರೆ ವಿಧಾನದಲ್ಲಾ?

ಸೈನ್ಸ್ ಓದೋ ಗೆಳೆಯರಿದ್ರೆ ಟ್ಯಾಗ್ ಮಾಡಿ, ಇನ್ನೂ ಚೆನ್ನಾಗಿ ಬಿಡಿಸಿ ಹೇಳ್ತಾರೆ. ಸೇವ್ ಮಾಡ್ಕೊಳ್ಳಿ, ನಿಧಾನಕ್ಕೆ ಓದಿ 🙏

#ಕನ್ನಡದಲ್ಲಿ_ಇತಿಹಾಸ #ಫೊರೆನ್ಸಿಕ್ #ಕ್ರೊಮ್ಯಾಟೋಗ್ರಫಿ #ಬಿಕಾಂ_ಹುಡುಗರು