ಆರಿದ ದೀಪ ಹೇಳಿದ ಸುಳ್ಳು

1979ರ ಮಾರ್ಚ್ 28, ಬುಧವಾರ. ಬೆಳಗಿನ ಜಾವ 4 ಗಂಟೆ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ರಾಜಧಾನಿ ಹ್ಯಾರಿಸ್‌ಬರ್ಗ್‌ಗೆ ಸಮೀಪದಲ್ಲಿ, ಸಸ್ಕ್ವೆಹಾನ ನದಿಯ ನಡುಗಡ್ಡೆಯೊಂದರ ಮೇಲೆ ತ್ರೀ ಮೈಲ್ ಐಲೆಂಡ್ ಅಣು ವಿದ್ಯುತ್ ಸ್ಥಾವರವಿದೆ. ಅದರ ಎರಡನೇ ಘಟಕ ವಾಣಿಜ್ಯ ಉತ್ಪಾದನೆ ಆರಂಭಿಸಿ ಆಗಿನ್ನೂ ಮೂರು ತಿಂಗಳಾಗಿತ್ತು. ಆ ಹೊತ್ತಿನಲ್ಲಿ ನೀರು ಪೂರೈಸುವ ಪಂಪುಗಳು ಇದ್ದಕ್ಕಿದ್ದಂತೆ ನಿಂತವು.

ಇಂಥ ಅಡಚಣೆಗಳು ಹೊಸದೇನಲ್ಲ. ಸ್ಥಾವರ ತಾನಾಗಿಯೇ ಮಾಡಬೇಕಾದುದನ್ನು ಮಾಡಿತು. ಟರ್ಬೈನು ನಿಂತಿತು. ರಿಯಾಕ್ಟರ್‌ನೊಳಗೆ ಒತ್ತಡ ಏರಿತು. ಅದನ್ನು ಇಳಿಸಲು ಮೇಲಿನ ವಾಲ್ವ್ ಒಂದು ತೆರೆದುಕೊಂಡಿತು. ನಿಯಂತ್ರಣ ಸರಳುಗಳು ಕೆಳಗಿಳಿದು ಕೆಲವೇ ಸೆಕೆಂಡುಗಳಲ್ಲಿ ಅಣುವಿದಳನ ನಿಂತುಹೋಯಿತು. ಆದರೆ ಒಲೆಯ ಉರಿ ಆರಿಸಿದ ಮೇಲೂ ಕೆಂಡದ ಕಾವು ಉಳಿಯುವಂತೆ, ವಿದಳನ ನಿಂತ ಮೇಲೂ ಯುರೇನಿಯಂ ಇಂಧನದ ಶಾಖ ಉಳಿಯುತ್ತದೆ. ಅದರ ಮೇಲೆ ನೀರು ಇರಲೇಬೇಕು.

ಒತ್ತಡ ಇಳಿದೊಡನೆ ಆ ವಾಲ್ವ್ ಮುಚ್ಚಿಕೊಳ್ಳಬೇಕಿತ್ತು. ಮುಚ್ಚಿಕೊಳ್ಳುವಂತೆ ವಿದ್ಯುತ್ ಸಂಕೇತ ಹೋಯಿತು. ನಿಯಂತ್ರಣ ಕೊಠಡಿಯ ಫಲಕದಲ್ಲಿ ಅದರ ದೀಪ ಆರಿತು. ವಾಲ್ವ್ ಮಾತ್ರ ಮುಚ್ಚಲಿಲ್ಲ, ತೆರೆದಂತೆಯೇ ಸಿಕ್ಕಿಹಾಕಿಕೊಂಡಿತು.

ಹೊಲದಲ್ಲಿ ಪಂಪ್‌ಸೆಟ್ ಇರುವವರಿಗೆ ಇದು ಬೇಗ ಅರ್ಥವಾದೀತು. ಸ್ಟಾರ್ಟರ್ ಪೆಟ್ಟಿಗೆಯ ದೀಪ ಹೊತ್ತಿದರೆ ಕರೆಂಟ್ ಬಂದಿದೆ ಎಂದರ್ಥವೇ ಹೊರತು ನೀರು ಬಂದಿದೆ ಎಂದಲ್ಲ. ನೀರು ಬಂತೇ ಎಂದು ತಿಳಿಯಲು ಕಾಲುವೆಯವರೆಗೆ ನಡೆದುಹೋಗಿ ನೋಡಬೇಕು. ಅಣುಸ್ಥಾವರದಲ್ಲಿ ಹಾಗೆ ಹೋಗಿ ನೋಡುವಂತಿಲ್ಲ. ವಾಲ್ವ್ ಇದ್ದದ್ದು ದಪ್ಪ ಕಾಂಕ್ರೀಟಿನ ಕಟ್ಟಡದೊಳಗೆ. ಆ ದೀಪ ಹೇಳುತ್ತಿದ್ದುದು ಯಂತ್ರಕ್ಕೆ ಕೊಟ್ಟ ಆಜ್ಞೆಯನ್ನು ಮಾತ್ರ. ಯಂತ್ರ ಅದನ್ನು ಪಾಲಿಸಿತೋ ಇಲ್ಲವೋ ಎಂಬುದನ್ನಲ್ಲ.

ಪಾಳಿಯಲ್ಲಿದ್ದ ಸಿಬ್ಬಂದಿ ದೀಪವನ್ನು ನಂಬಿದರು. ರಿಯಾಕ್ಟರ್‌ನ ನೀರು ಆ ತೆರೆದ ಬಾಯಿಯಿಂದ ಸೋರಿಹೋಗುತ್ತಲೇ ಇತ್ತು. ತುರ್ತು ಪಂಪುಗಳು ತಾವಾಗಿಯೇ ಚಾಲೂ ಆಗಿ ಒಳಗೆ ನೀರು ನುಗ್ಗಿಸಿದವು. ಆದರೆ ಒತ್ತಡ ನಿಯಂತ್ರಿಸುವ ತೊಟ್ಟಿಯ ಮಾಪಕ ನೀರಿನ ಮಟ್ಟ ಏರುತ್ತಿದೆ ಎಂದು ತೋರಿಸುತ್ತಿತ್ತು. ಆ ತೊಟ್ಟಿ ಪೂರ್ತಿ ತುಂಬಲು ಬಿಡಬಾರದು ಎಂಬುದೇ ಅವರು ಕಲಿತ ಪಾಠ. ಹಾಗಾಗಿ ಅವರು ತುರ್ತು ನೀರನ್ನೇ ಕಡಿಮೆ ಮಾಡಿದರು. ಇಂಧನದ ಮೇಲೆ ನಿಜಕ್ಕೂ ಎಷ್ಟು ನೀರಿದೆ ಎಂದು ನೇರವಾಗಿ ತೋರಿಸುವ ಮಾಪಕ ಆ ಕೊಠಡಿಯಲ್ಲಿ ಇರಲೇ ಇಲ್ಲ!

ಮೊದಲ ಕೆಲವು ನಿಮಿಷಗಳಲ್ಲೇ ನೂರಕ್ಕೂ ಹೆಚ್ಚು ಎಚ್ಚರಿಕೆ ಗಂಟೆಗಳು, ದೀಪಗಳು. ಮುಖ್ಯವಾದುದು ಯಾವುದು, ಚಿಲ್ಲರೆ ಯಾವುದು ಎಂದು ತಿಳಿಯುವಂತಿರಲಿಲ್ಲ. ಸೋರಿದ ನೀರು ಹೋಗಿ ಸೇರುತ್ತಿದ್ದ ತೊಟ್ಟಿಯ ಮಾಪಕವೊಂದು ನಿಜವನ್ನು ಹೇಳುತ್ತಿತ್ತು. ಅದನ್ನು ಫಲಕದ ಹಿಂಬದಿಯಲ್ಲಿ ಅಳವಡಿಸಿದ್ದರು. ಕಂಪ್ಯೂಟರ್‌ನ ಮುದ್ರಣಯಂತ್ರ ಬಂದ ಸುದ್ದಿಯನ್ನೆಲ್ಲ ಸಾಲಾಗಿ ಅಚ್ಚು ಹಾಕುತ್ತ, ನಡೆಯುತ್ತಿದ್ದ ಘಟನೆಗಳಿಗಿಂತ ಬಹಳ ಹಿಂದೆ ಬಿತ್ತು. ಆ ಎಚ್ಚರಿಕೆ ಫಲಕವನ್ನೇ ಕಿತ್ತೆಸೆಯೋಣ ಎನ್ನಿಸಿತ್ತು ಎಂದು ಅಲ್ಲಿದ್ದವರೊಬ್ಬರು ಅನಂತರ ಹೇಳಿದರು. ಎರಡು ಗಂಟೆಗೂ ಹೆಚ್ಚು ಹೊತ್ತಿನ ಬಳಿಕ, 6 ಗಂಟೆ 22 ನಿಮಿಷಕ್ಕೆ, ಅದೇ ಕೊಳವೆಯಲ್ಲಿದ್ದ ಇನ್ನೊಂದು ವಾಲ್ವನ್ನು ಮುಚ್ಚಿದಾಗ ಸೋರಿಕೆ ನಿಂತಿತು. ಅಷ್ಟರಲ್ಲಿ ಕೈಮೀರಿತ್ತು.

ಹೊರಗೆ ಗಾಬರಿ ಹಬ್ಬಿತು. ಎಂಟು ಕಿ.ಮೀ. ಒಳಗಿನ ಗರ್ಭಿಣಿಯರು ಮತ್ತು ಎಳೆಯ ಮಕ್ಕಳು ಊರು ಬಿಡುವುದು ಒಳಿತು ಎಂದು ರಾಜ್ಯದ ಗವರ್ನರ್ ಸಲಹೆ ಮಾಡಿದರು. ಸಲಹೆ ಕೆಲವರಿಗೆ, ಹೊರಟವರು ಲಕ್ಷಕ್ಕೂ ಮಿಗಿಲು. ಅಣು ವಿಜ್ಞಾನದ ತರಬೇತಿ ಇದ್ದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸ್ವತಃ ಸ್ಥಾವರಕ್ಕೆ ಭೇಟಿಯಿತ್ತರು. ಅದೃಷ್ಟವಶಾತ್ ರಕ್ಷಾ ಕಟ್ಟಡ ಗಟ್ಟಿಯಾಗಿ ನಿಂತಿತು. ಸುತ್ತಲ ಜನರಿಗೆ ತಗುಲಿದ ವಿಕಿರಣದ ಸರಾಸರಿ ಪ್ರಮಾಣ ಒಂದು ಎದೆಯ ಎಕ್ಸ್‌ರೇಗಿಂತ ಕಡಿಮೆ ಎಂದು ಸರ್ಕಾರದ ಲೆಕ್ಕ. ಒಳಗಿನ ಸ್ಥಿತಿ ಮಾತ್ರ ವರ್ಷಗಳ ಕಾಲ ಗುಟ್ಟಾಗಿತ್ತು. 1982ರಲ್ಲಿ ಕ್ಯಾಮೆರಾ ಇಳಿಬಿಟ್ಟು ನೋಡಿದಾಗ ಇಂಧನ ಇರಬೇಕಾದ ಕಡೆ ದೊಡ್ಡ ಪೊಳ್ಳು ಕಂಡಿತು. ಸುಮಾರು ಅರ್ಧದಷ್ಟು ಕರಗಿತ್ತು.

ತನಿಖೆಗೆ ಕಾರ್ಟರ್ ನೇಮಿಸಿದ ಆಯೋಗದ ಮುಖ್ಯಸ್ಥ ಜಾನ್ ಕೆಮೆನಿ ಎಂಬ ಗಣಿತಜ್ಞ. ಕಂಪ್ಯೂಟರ್ ಕಲಿಯಲು ಹೋದವರಿಗೆ ಮೊದಲ ಪಾಠವಾಗಿದ್ದ 'ಬೇಸಿಕ್' ಭಾಷೆಯ ಇಬ್ಬರು ಜನಕರಲ್ಲಿ ಒಬ್ಬರು. 1979ರ ಅಕ್ಟೋಬರ್‌ನಲ್ಲಿ ಬಂದ ಅವರ ವರದಿ ಎಲ್ಲರ ನಿರೀಕ್ಷೆಯನ್ನು ತಲೆಕೆಳಗು ಮಾಡಿತು. ಯಂತ್ರಗಳು ಸಾಕಷ್ಟು ಚೆನ್ನಾಗಿಯೇ ಇದ್ದವು, ತುರ್ತು ನೀರನ್ನು ತಡೆಯದಿದ್ದರೆ ಇದು ಸಣ್ಣ ಘಟನೆಯಾಗಿ ಮುಗಿಯುತ್ತಿತ್ತು, ಮೂಲ ದೋಷ ಇರುವುದು ಮನುಷ್ಯರ ವ್ಯವಸ್ಥೆಯಲ್ಲಿ ಎಂದಿತು ವರದಿ.

ಹಾಗಾದರೆ ತಪ್ಪೆಲ್ಲ ಪಾಳಿಯ ನಾಲ್ಕು ಜನರದೇ? ಕೆಳಗಿನವರ ತಲೆಗೆ ಕಟ್ಟಿ ಕಡತ ಮುಚ್ಚುವುದು ಎಲ್ಲ ದೇಶಗಳಲ್ಲೂ ಸುಲಭದ ದಾರಿ. ಆಯೋಗ ಆ ದಾರಿ ಹಿಡಿಯಲಿಲ್ಲ. ಅದು ಹಿಂದಕ್ಕೆ ಹೋಗಿ ಹುಡುಕಿತು.

ಸಿಕ್ಕಿದ್ದು ಇದು. 1977ರ ಸೆಪ್ಟೆಂಬರ್ 24ರಂದು, ಅಂದರೆ ಒಂದೂವರೆ ವರ್ಷ ಮೊದಲು, ಓಹಿಯೊ ರಾಜ್ಯದ ಡೇವಿಸ್-ಬೆಸ್ಸಿ ಸ್ಥಾವರದಲ್ಲಿ ಇಂಥದೇ ವಾಲ್ವ್ ಹೀಗೆಯೇ ತೆರೆದು ನಿಂತಿತ್ತು. ಅಲ್ಲಿಯ ಸಿಬ್ಬಂದಿಯೂ ತೊಟ್ಟಿಯ ಮಟ್ಟ ನೋಡಿ ತುರ್ತು ನೀರು ನಿಲ್ಲಿಸಿದ್ದರು. ಸ್ಥಾವರ ಆಗ ಶೇ. 9ರಷ್ಟು ಶಕ್ತಿಯಲ್ಲಿ ಮಾತ್ರ ನಡೆಯುತ್ತಿತ್ತು. ಸುಮಾರು 20 ನಿಮಿಷಗಳಲ್ಲಿ ತಪ್ಪು ತಿಳಿಯಿತು. ಏನೂ ಆಗಲಿಲ್ಲ. ಎರಡೂ ರಿಯಾಕ್ಟರ್‌ಗಳನ್ನು ತಯಾರಿಸಿದ ಬ್ಯಾಬ್‌ಕಾಕ್ ಅಂಡ್ ವಿಲ್‌ಕಾಕ್ಸ್ ಕಂಪೆನಿಯ ಎಂಜಿನಿಯರ್ ಬರ್ಟ್ ಡನ್ ಇದರ ಗಂಭೀರತೆಯನ್ನು ಅರಿತು, ಎಲ್ಲ ಗ್ರಾಹಕರಿಗೂ ಸ್ಪಷ್ಟ ಸೂಚನೆ ಹೋಗಬೇಕೆಂದು 1978ರ ಫೆಬ್ರುವರಿಯಲ್ಲಿ ಟಿಪ್ಪಣಿ ಬರೆದರು. ಟಿಪ್ಪಣಿ ಕಂಪೆನಿಯ ವಿಭಾಗದಿಂದ ವಿಭಾಗಕ್ಕೆ ಅಲೆಯಿತು. ತ್ರೀ ಮೈಲ್ ಐಲೆಂಡ್‌ಗೆ ಸೂಚನೆ ತಲುಪಲೇ ಇಲ್ಲ. ಸಿಬ್ಬಂದಿ ತರಬೇತಿ ಪಡೆದಿದ್ದ ಸಿಮ್ಯುಲೇಟರ್‌ನಲ್ಲೂ, ಅಂದರೆ ಅಣಕು ನಿಯಂತ್ರಣ ಕೊಠಡಿಯಲ್ಲೂ, ಇಂಥ ಪರಿಸ್ಥಿತಿಯನ್ನು ಕಲ್ಪಿಸಿರಲಿಲ್ಲ. ತಜ್ಞರೆಲ್ಲ ದೊಡ್ಡ ಕೊಳವೆ ಒಡೆದರೆ ಏನು ಗತಿ ಎಂದೇ ಲೆಕ್ಕ ಹಾಕುತ್ತಿದ್ದರು. ಸಣ್ಣ ಸೋರಿಕೆಯನ್ನು ಯಾರೂ ಅಷ್ಟಾಗಿ ಲೆಕ್ಕಿಸಿರಲಿಲ್ಲ.

ಅನಂತರದ ಸುಧಾರಣೆಗಳನ್ನು ನೋಡುವಾಗ ಈ ಟಿಪ್ಪಣಿಯನ್ನು ನೆನಪಿಡಬೇಕು. ಫಲಕದ ದೀಪಗಳು ವಾಲ್ವಿನ ನಿಜಸ್ಥಿತಿಯನ್ನೇ ತೋರಿಸಬೇಕೆಂದು ಅಮೆರಿಕದ ಅಣು ನಿಯಂತ್ರಣ ಆಯೋಗ ಆಜ್ಞೆ ಮಾಡಿತು. ನೀರು ಕುದಿಯುವ ಹಂತಕ್ಕೆ ಎಷ್ಟು ಹತ್ತಿರವಿದೆ ಎಂದು ತೋರಿಸುವ ಮಾಪಕಗಳು ಬಂದವು. ಪ್ರತಿ ಸ್ಥಾವರದಲ್ಲೂ ಆಯೋಗದ ಇನ್‌ಸ್ಪೆಕ್ಟರ್‌ಗಳನ್ನು ಕಾಯಂ ಆಗಿ ನೆಲೆಗೊಳಿಸಲಾಯಿತು. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಬದಲಾವಣೆ ತುರ್ತು ಕೈಪಿಡಿಯದು. ಹಿಂದೆ ಸಿಬ್ಬಂದಿ ಮೊದಲು ಏನಾಗಿದೆ ಎಂದು ಪತ್ತೆಹಚ್ಚಿ, ಆಮೇಲೆ ಆ ಪುಟ ತೆರೆಯಬೇಕಿತ್ತು. ಪತ್ತೆ ತಪ್ಪಿದರೆ ಚಿಕಿತ್ಸೆಯೂ ತಪ್ಪು. ಹೊಸ ಕೈಪಿಡಿಗಳು ರೋಗದ ಹೆಸರು ಕೇಳದೆ ಲಕ್ಷಣ ನೋಡಿ ಉಪಚರಿಸಲು ಹೇಳಿದವು. ಕಾರಣ ಏನೇ ಇರಲಿ, ಮೊದಲು ಇಂಧನದ ಮೇಲೆ ನೀರು ಉಳಿಸು ಎಂದವು.

1979ರ ಡಿಸೆಂಬರ್‌ನಲ್ಲಿ ವಿದ್ಯುತ್ ಕಂಪೆನಿಗಳೇ ಸೇರಿ ಅಟ್ಲಾಂಟಾದಲ್ಲಿ 'ಇನ್ಪೊ' ಎಂಬ ಸಂಸ್ಥೆ ಕಟ್ಟಿದವು. ಒಂದು ಕಡೆಯ ಸಣ್ಣ ತಪ್ಪನ್ನೂ ಉಳಿದವರಿಗೆಲ್ಲ ತಿಳಿಸುವುದು, ಒಬ್ಬರ ಸ್ಥಾವರವನ್ನು ಇನ್ನೊಬ್ಬರ ಎಂಜಿನಿಯರ್‌ಗಳು ಬಂದು ಪರೀಕ್ಷಿಸುವುದು ಅದರ ಕೆಲಸ. ಒಬ್ಬನ ಅಪಘಾತ ಎಲ್ಲರ ವ್ಯಾಪಾರಕ್ಕೂ ಕುತ್ತು ಎಂಬ ಭಯವೂ ಇದರ ಹಿಂದೆ ಇತ್ತೆನ್ನಿ.

ಆದರೆ ಈ ಪಾಠ ಗಡಿ ದಾಟಲಿಲ್ಲ. ಲಿಥುವೇನಿಯಾದ ಇಗ್ನಾಲಿನಾ ಸ್ಥಾವರದಲ್ಲಿ 1983ರಲ್ಲೇ ಒಂದು ವಿಚಿತ್ರ ಕಂಡಿತ್ತು. ರಿಯಾಕ್ಟರನ್ನು ನಿಲ್ಲಿಸಲೆಂದು ಇಳಿಸುವ ಸರಳುಗಳು ಮೊದಲ ಕೆಲವು ಕ್ಷಣ ಶಕ್ತಿಯನ್ನು ಏರಿಸಬಲ್ಲವು ಎಂಬುದು. ಸೋವಿಯತ್ ವಿನ್ಯಾಸಕಾರರಿಗೆ ಇದು ತಿಳಿದಿದ್ದರೂ ಪರಿಹಾರ ಮುಂದಕ್ಕೆ ಹೋಯಿತು. ಅದೇ ಮಾದರಿಯ ಚೆರ್ನೋಬಿಲ್ ಘಟಕದಲ್ಲಿ 1986ರ ಏಪ್ರಿಲ್ 26ರಂದು ಸರಳುಗಳನ್ನು ಇಳಿಸಿದವರಿಗೆ ಈ ದೋಷದ ಅರಿವಿರಲಿಲ್ಲ. ಮೂರು ವರ್ಷಗಳ ಬಳಿಕ, 1989ರಲ್ಲಿ, ಮಾಸ್ಕೋದಲ್ಲಿ ಅಣುಸ್ಥಾವರ ನಡೆಸುವವರ ಜಾಗತಿಕ ಒಕ್ಕೂಟ 'ವ್ಯಾನೊ' ಹುಟ್ಟಿತು. ಇನ್ಪೊ ಮಾಡುತ್ತಿದ್ದ ಕೆಲಸವನ್ನೇ ದೇಶದೇಶಗಳ ನಡುವೆ ಮಾಡುವುದು ಅದರ ಉದ್ದೇಶ. ಕೈಗಾ ಸ್ಥಾವರವನ್ನು ನಡೆಸುವ ಭಾರತೀಯ ಅಣುವಿದ್ಯುತ್ ನಿಗಮವೂ ಅದರ ಸದಸ್ಯ.

ಒಕ್ಕೂಟ ಇದ್ದರೂ ಜಪಾನಿನಲ್ಲಿ ಮತ್ತೆ ಅದೇ ಆಯಿತು. ಫುಕುಶಿಮಾಕ್ಕೆ 15.7 ಮೀಟರ್ ಎತ್ತರದ ಸುನಾಮಿ ಬಡಿಯಬಹುದು ಎಂದು ಕಂಪೆನಿಯೊಳಗಿನ ಲೆಕ್ಕಾಚಾರವೊಂದು 2008ರಲ್ಲೇ ಹೇಳಿತ್ತು. ಅದಕ್ಕೆ ತಕ್ಕ ಕಾಮಗಾರಿ ಆರಂಭವಾಗುವ ಮುನ್ನವೇ 2011ರ ಮಾರ್ಚ್ 11 ಬಂತು.

ತ್ರೀ ಮೈಲ್ ಐಲೆಂಡ್‌ನ ಎರಡನೇ ಘಟಕ ಮತ್ತೆಂದೂ ಓಡಲಿಲ್ಲ. ಅದನ್ನು ಶುಚಿಗೊಳಿಸುವ ಕೆಲಸ 1993ರವರೆಗೆ ನಡೆದು ಸುಮಾರು 100 ಕೋಟಿ ಡಾಲರ್ ನುಂಗಿತು. ಪಕ್ಕದಲ್ಲೇ ಇದ್ದ, ಏನೂ ಆಗದ ಮೊದಲನೇ ಘಟಕ ಆರು ವರ್ಷ ಬಾಗಿಲು ಮುಚ್ಚಿಕೊಂಡಿದ್ದು 1985ರಲ್ಲಿ ಪುನಃ ಚಾಲೂ ಆಯಿತು. ಖರ್ಚು ಗಿಟ್ಟದೆಂದು 2019ರಲ್ಲಿ ಅದೂ ನಿಂತಿತು. ಅದನ್ನು ಮತ್ತೆ ಎಬ್ಬಿಸಿ, ಮೈಕ್ರೋಸಾಫ್ಟ್ ಕಂಪೆನಿಯ ಕಂಪ್ಯೂಟರ್ ಕೇಂದ್ರಗಳ ಸಲುವಾಗಿ ವಿದ್ಯುತ್ ಮಾರುವ ಒಪ್ಪಂದವನ್ನು ಅದರ ಮಾಲೀಕರು 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದರು. ಘಟಕದ ಹೆಸರನ್ನೂ ಬದಲಿಸಿದ್ದಾರೆ.