ಹಾಲಿನಂಥ ನೀರು ಮತ್ತು ಅಪ್ಪನ ಖಾಕಿ ಪ್ಯಾಂಟು

ಕಾರ್ ಶೆಡ್ಡಿನಲ್ಲಿ ಒಂದು ಪುಟ್ಟ ಮಿಲ್ಲಿಂಗ್ ಮೆಷಿನ್ ತಂದು ಕೂರಿಸಿದ್ದೇನೆ, ಹಳೇ ಆಸೆ. ಮೊದಲ ಭಾನುವಾರ ಕೂಲಂಟ್ ಪಂಪು ಹಾಕಿ ಒಂದು ಉಕ್ಕಿನ ತುಂಡು ಕಟ್ ಮಾಡಿದೆ. ಹತ್ತೇ ನಿಮಿಷ! ಗೋಡೆ, ಸ್ಕೂಟರು, ನನ್ನ ಪ್ಯಾಂಟು ಎಲ್ಲದರ ಮೇಲೂ ಬಿಳೀ ಚುಕ್ಕೆ. ಒಳಗೆ ಹೋದರೆ ಅಮ್ಮ, "ನಿಮ್ಮಪ್ಪನ ವಾಸನೆ ಕಣೋ ಇದು" ಅಂದಳು.

ಅಪ್ಪ ರಾಜಾಜಿನಗರದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಇಪ್ಪತ್ತೆರಡು ವರ್ಷ ಮಿಲ್ಲಿಂಗ್ ಮೆಷಿನ್ ಮುಂದೆ ನಿಂತವರು. ಅವರ ಖಾಕಿ ಪ್ಯಾಂಟಿನ ತೊಡೆಯ ಭಾಗ ದಿನಾ ಒದ್ದೆ. ಅಮ್ಮ ಅದನ್ನು ಬೇರೆ ಬಕೆಟ್ಟಿನಲ್ಲೇ ನೆನೆಸಿ 501 ಸೋಪಿನಲ್ಲಿ ಒಗೆಯುತ್ತಿದ್ದಳು. ಬೆರಳ ಸಂದಿಯಲ್ಲಿ ಸದಾ ತುರಿಕೆ. ಕೇಳಿದರೆ, "ಕೂಲಂಟ್ ಕಜ್ಜಿ, ಎಲ್ಲರಿಗೂ ಬರತ್ತೆ" ಅನ್ನುತ್ತಿದ್ದರು. ಈ ನೀರು ಮೆಷಿನ್ನಿಗೆ ಬಂದಿದ್ದು ಹೇಗೆ ಅಂತ ಆ ರಾತ್ರಿ ಓದಲು ಕೂತೆ.

1798ರಲ್ಲಿ ಕೌಂಟ್ ರಮ್‌ಫರ್ಡ್ ಒಂದು ಪ್ರಯೋಗವನ್ನು ಪ್ರಕಟಿಸಿದ. ಮ್ಯೂನಿಕ್‌ನಲ್ಲಿ ಫಿರಂಗಿ ಕೊರೆಯುವ ಕಡೆ ಮೊಂಡು ಬೈರಿಗೆ ಹಾಕಿ, ಸುತ್ತ ನೀರಿನ ಪೆಟ್ಟಿಗೆ ಕಟ್ಟಿ, ಕುದುರೆಗಳಿಂದ ತಿರುಗಿಸಿದ. ಎರಡೂವರೆ ಗಂಟೆಗೆ ನೀರು ಕುದಿಯಿತು, ಬೆಂಕಿಯೇ ಇಲ್ಲದೆ! ಅವನಿಗೆ ಬೇಕಿದ್ದದ್ದು ಶಾಖ ಅಂದರೇನು ಅನ್ನುವ ಉತ್ತರ. ಮೆಷಿನ್ ಕೆಲಸದವರಿಗೆ ಮಾತ್ರ ಬೇರೆ ಪಾಠ: ಲೋಹ ಕೊರೆದರೆ ಅಷ್ಟು ಬಿಸಿ ಹುಟ್ಟುತ್ತೆ, ನೀರು ಅದನ್ನು ಹೀರುತ್ತೆ.

ಅಮೆರಿಕದ ಫಿಲಡೆಲ್ಫಿಯಾದ ಮಿಡ್‌ವೇಲ್ ಉಕ್ಕಿನ ಕಾರ್ಖಾನೆಯಲ್ಲಿದ್ದ ಫ್ರೆಡ್ರಿಕ್ ಟೇಲರ್ ಇದಕ್ಕೊಂದು ಲೆಕ್ಕ ಕೊಟ್ಟ. ಟೂಲು ಲೋಹ ಕತ್ತರಿಸುವ ಜಾಗಕ್ಕೇ ಧಾರಾಳವಾಗಿ ನೀರು ಸುರಿದರೆ ವೇಗವನ್ನು ಶೇಕಡಾ 40ರವರೆಗೂ ಏರಿಸಬಹುದು ಅಂತ 1883ರಲ್ಲಿ ಕಂಡುಕೊಂಡ. ಮರುವರ್ಷ ಅಲ್ಲಿ ಕಟ್ಟಿದ ಹೊಸ ಶಾಪಿನಲ್ಲಿ ಪ್ರತಿ ಮೆಷಿನ್ನಿಗೂ ನೀರಿನ ಪೈಪು. ತುಕ್ಕು ಹಿಡಿಯದಿರಲಿ ಅಂತ ನೀರಿಗೆ ಸೋಡಾ. ಸುರಿದದ್ದು ನೆಲದಡಿಯ ಪೈಪಿನಲ್ಲಿ ಹರಿದು ಮತ್ತೆ ಮೇಲಿನ ಟ್ಯಾಂಕಿಗೆ. ಆಮೇಲೆ ನೀರಿನಲ್ಲಿ ಬೆರೆಯುವ ಎಣ್ಣೆ ಬಂತು. ಅದೇ ಅಪ್ಪನ ಹಾಲಿನಂಥ ನೀರು.

ಕೂಲಂಟಿನ ಚರಿತ್ರೆ ಅಂದರೆ ಸಾಮಾನ್ಯವಾಗಿ ಇಷ್ಟೇ ಹೇಳುತ್ತಾರೆ, ವೇಗದ ಕಥೆ. ಸಿಡಿದ ಹನಿ ಯಾರ ಮೇಲೆ ಬಿತ್ತು? ಆ ಕಥೆಗೆ ಇಂಗ್ಲೆಂಡಿಗೆ ಹೋಗಬೇಕು.

ಲ್ಯಾಂಕಶೈರಿನ ಹತ್ತಿ ಮಿಲ್ಲುಗಳಲ್ಲಿ 'ಮ್ಯೂಲ್' ಅನ್ನುವ ನೂಲುವ ಯಂತ್ರದ ಮೇಲೆ ಬಗ್ಗಿ ಕೆಲಸ ಮಾಡುವವರ ತೊಡೆಸಂದಿಗೆ ಕದಿರುಗಳ ಎಣ್ಣೆ ಸಿಡಿಯುತ್ತಿತ್ತು. ಅವರಲ್ಲಿ ವೃಷಣಚೀಲದ ಚರ್ಮದ ಕ್ಯಾನ್ಸರ್ ಹೆಚ್ಚು ಅಂತ ಮ್ಯಾಂಚೆಸ್ಟರಿನ ಸೌದಮ್ ಮತ್ತು ವಿಲ್ಸನ್ 1922ರಲ್ಲೇ ಬರೆದರು. ಯಾವ ಎಣ್ಣೆ ಬಳಸಬೇಕು ಅನ್ನುವ ಕಾನೂನು ಬಂದದ್ದು 1953ರಲ್ಲಿ! ಲೋಹದ ಕೆಲಸದವರಿಗೂ ಇದು ತಪ್ಪಲಿಲ್ಲ. ಎಣ್ಣೆ ಸುರಿಯುವ ಮೆಷಿನ್ನುಗಳ ಮೇಲೆ ಬಗ್ಗಿ ಬಟ್ಟೆ ತೋಯಿಸಿಕೊಳ್ಳುತ್ತಿದ್ದ ಒಬ್ಬ ಟೂಲ್ ಸೆಟ್ಟರ್ ಇದೇ ಕಾಯಿಲೆಯಿಂದ ಸತ್ತ. ಕಾರ್ಖಾನೆಯ ಡಾಕ್ಟರಿಗೆ ಅಪಾಯ ಗೊತ್ತಿತ್ತು, ಕೆಲಸದವರನ್ನು ಎಚ್ಚರಿಸಲಿಲ್ಲ. 1968ರಲ್ಲಿ ಕೋರ್ಟು ಕಂಪನಿಯದೇ ತಪ್ಪು ಅಂದಿತು, ಅವನ ಹೆಂಡತಿ ಗೆದ್ದಳು.

ಗಾಬರಿ ಬೇಡ. ಅದು ಸರಿಯಾಗಿ ಶುದ್ಧೀಕರಿಸದ ಎಣ್ಣೆಯ ಕಾಲ. ಆದರೆ ಚರ್ಮದ ತುರಿಕೆ ಇವತ್ತಿಗೂ ಇದೆ, ಮಂಜಿನಂತೆ ಎದ್ದ ಕೂಲಂಟು ಉಸಿರಿಗೆ ಸೇರಿದರೆ ಶ್ವಾಸಕೋಶಕ್ಕೂ ಕೆಟ್ಟದ್ದು.

ಈಗ ನನ್ನ ಶೆಡ್ಡಿನ ಮೊದಲ ಪ್ರಶ್ನೆ, ಕೂಲಂಟ್ ಬೇಕಾ ಅನ್ನೋದು. ಕಾರ್ಬೈಡ್ ಕಟರ್ ಆದರೆ ಉಕ್ಕಿಗೆ ಒಣದಾಗಿಯೇ ಓಡಿಸುತ್ತೇನೆ. ಮಿಲ್ಲಿಂಗಿನಲ್ಲಿ ಹಲ್ಲು ಲೋಹದೊಳಗೆ ಹೋಗಿ ಹೊರಗೆ ಬರುತ್ತಲೇ ಇರುತ್ತೆ. ಒಮ್ಮೆ ಬಿಸಿ, ಒಮ್ಮೆ ತಣ್ಣೀರು ಅಂದರೆ ಕಾರ್ಬೈಡ್ ಬಿರುಕು ಬಿಡುತ್ತೆ. ಬೀಡು ಕಬ್ಬಿಣಕ್ಕೂ ಒಣದೇ ಸರಿ, ಅದರ ಪುಡಿ ನೀರಿಗೆ ಸೇರಿದರೆ ಕೆಸರು. ಅಲ್ಯೂಮಿನಿಯಂಗೆ ಬ್ರಷ್ಷಿನಲ್ಲಿ ಸ್ವಲ್ಪ ಕಟಿಂಗ್ ಆಯಿಲ್. ಹೈಸ್ಪೀಡ್ ಸ್ಟೀಲ್ ಕಟರಿನಿಂದ ಉಕ್ಕು ಕಟ್ ಮಾಡುವಾಗ ಮಾತ್ರ ಬಿಳೀ ನೀರು. ಅದನ್ನು ಕಲಸುವಾಗ ನೀರಿಗೆ ಎಣ್ಣೆ ಹಾಕಬೇಕು, ಎಣ್ಣೆಗೆ ನೀರಲ್ಲ. ನಮ್ಮ ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಎಣ್ಣೆ ಒಡೆದು ಮೇಲೆ ತೇಲಿತು, ಈಗ ಮಳೆನೀರು ಹಿಡಿದಿಡುತ್ತೇನೆ.

ಸಿಡಿತಕ್ಕೆ ಮದ್ದು ಸುಲಭ. ಧಾರೆ ಸಣ್ಣಗೆ, ನಾಝಲ್ ಕಟರಿಗೆ ಹತ್ತಿರ. ನನ್ನ ಮುಂದೆ ಆಯಸ್ಕಾಂತದ ಮೇಲೆ ನಿಲ್ಲಿಸಿದ ದಪ್ಪ ಪ್ಲಾಸ್ಟಿಕ್ ಹಾಳೆ, ಹಿಂದೆ ಹಳೇ ರಬ್ಬರ್ ಮ್ಯಾಟು, ಕೆಳಗೆ ಅಂಚಿರುವ ತಟ್ಟೆ. ಮೈಗೆ ರಬ್ಬರ್ ಏಪ್ರನ್ನು. ಎಲ್ಲ ಸೇರಿ ಒಂದು ಮಧ್ಯಾಹ್ನದ ಕೆಲಸ.

ಇಪ್ಪತ್ತೆರಡು ವರ್ಷ ಅಪ್ಪನ ಮುಂದೆ ಅಂಥದ್ದೊಂದು ಹಾಳೆ ಇರಲಿಲ್ಲ. ಅವರು ಕೇಳಲಿಲ್ಲ, ಯಾರೂ ಹಾಕಿಕೊಡಲಿಲ್ಲ. ನಾನೂ ಅವರಿರುವಾಗ, ಆ ಪ್ಯಾಂಟು ಯಾಕೆ ದಿನಾ ಒದ್ದೆ ಅಂತ ಒಮ್ಮೆಯೂ ಕೇಳಲಿಲ್ಲ.

ನಿಮ್ಮ ಮನೆಯಲ್ಲೂ ಬೇರೆ ಬಕೆಟ್ಟಿನಲ್ಲಿ ನೆನೆಯುತ್ತಿದ್ದ ಖಾಕಿ ಬಟ್ಟೆ ಇತ್ತಾ? ಇದ್ದರೆ ಬರೀರಿ.